ಗಾಜನ್ನು ಕೊರೆಯುವ ಕಿಡಿ

(ಸಂಘದ ವಾಚನಾಲಯದಲ್ಲಿ ಆದಿತ್ಯವಾರ ಸಂಜೆ ಮಾಡಿದ ಭಾಷಣ)



ಊರು ಬಿಟ್ಟು ಮುಂಬಯಿಗೆ ಬಂದ ಮೊದಲ ವರ್ಷ ನಾನು ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಾಗಿದ್ದೆ. ತಣ್ಣೀರಿನಿಂದ ತೆಗೆದ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದು ಎಷ್ಟು ಲೋಟ ಒಡೆದೆನೋ, ಅಷ್ಟರ ಬೆಲೆ ಸಂಬಳದಲ್ಲಿ ಮುರಿಯಿತು. ಗಾಜಿನ ಗುಣದ ಮೊದಲ ಪಾಠ ನನಗಾದದ್ದು ಅಲ್ಲಿಯೇ. ಕಬ್ಬಿಣ ಬಗ್ಗೀತು, ತಾಮ್ರ ತಗ್ಗೀತು. ಗಾಜು ಮಾತ್ರ ತಾಳುವಷ್ಟು ತಾಳಿ ಒಮ್ಮೆಲೇ ಸೀಳುತ್ತದೆ.

ಮುಂದೆ ರಾತ್ರಿಶಾಲೆಯಲ್ಲಿ ಓದಿ ಯಂತ್ರದ ಕೆಲಸ ಕಲಿತೆ. ಒಂದು ಕಾರ್ಯಾಗಾರದಲ್ಲಿ ಇದೇ ಗಾಜಿಗೆ ಕೂದಲೆಳೆಯ ಎರಡು ಮೂರು ಪಟ್ಟು ದಪ್ಪದ ತೂತುಗಳನ್ನು ಕೊರೆಯುವುದನ್ನು ಕಂಡೆ. ಬೈರಿಗೆಯಿಲ್ಲ, ಸುತ್ತಿಗೆಯಿಲ್ಲ. ಕಿಡಿಯಿಂದಲೇ ಕೆಲಸ! ಆ ಕಿಡಿಯ ಸಂಗತಿಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಲೋಹವನ್ನು ಕಿಡಿಯಿಂದ ಕೊರೆಯುವ ವಿದ್ಯೆಯನ್ನು 1943ರಲ್ಲಿ ರಷ್ಯಾದ ಲಜರೆಂಕೊ ದಂಪತಿಗಳು ರೂಢಿಗೆ ತಂದರು. ಆದರೆ ಅದಕ್ಕೆ ಉಪಕರಣದಲ್ಲಿಯೂ ಕೆಲಸದ ತುಂಡಿನಲ್ಲಿಯೂ ವಿದ್ಯುತ್ತು ಹರಿಯಬೇಕು. ಗಾಜಿನಲ್ಲಿ ಹರಿಯದು. ಹಾಗಾದರೆ ಉಪಾಯವೇನು? 1968ರಲ್ಲಿ ಜಪಾನಿನ ಕುರಾಫುಜಿ ಮತ್ತು ಸುಡಾ ಎಂಬವರು ಗಾಜಿಗೂ ಕಿಡಿಯಿಂದ ತೂತು ಕೊರೆಯಬಹುದೆಂದು ತೋರಿಸಿಕೊಟ್ಟರು.

ಅದರ ರೀತಿ ಹೀಗಿದೆ. ಒಂದು ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾದ ನೀರು. ಗಿರಣಿಯಲ್ಲಿ ಬಟ್ಟೆಗೆ ಹೊಳಪು ಕೊಡುವ ಮರ್ಸರೈಸಿಂಗ್ ಖಾತೆಯಲ್ಲಿ ದುಡಿದವರಿಗೆ ಈ ಕ್ಷಾರದ ಪರಿಚಯ ಹೇಳಬೇಕಾಗಿಲ್ಲ. ಅದರೊಳಗೆ ಗಾಜಿನ ಹಲಗೆ. ಹಲಗೆಯ ಮೇಲೆ ಸೂಜಿಯಂಥ ಲೋಹದ ಕಡ್ಡಿ, ತುದಿಯಷ್ಟೇ ಮುಳುಗಿರುತ್ತದೆ. ಸ್ವಲ್ಪ ದೂರದಲ್ಲಿ ಅಗಲವಾದ ಲೋಹದ ತಗಡು. ಸೂಜಿಗೆ ಋಣ, ತಗಡಿಗೆ ಧನ ತಂತಿ ಜೋಡಿಸುತ್ತಾರೆ.

ವಿದ್ಯುತ್ತು ಹರಿದೊಡನೆ ಸೂಜಿಯ ಸುತ್ತ ಜಲಜನಕದ ಗುಳ್ಳೆಗಳು ಏಳುತ್ತವೆ. ಸುಮಾರು 30 ವೋಲ್ಟಿನ ಹತ್ತಿರ ಬಂದಾಗ ಗುಳ್ಳೆಗಳು ಒಂದಕ್ಕೊಂದು ಕೂಡಿ ಸೂಜಿಗೆ ಹೊದಿಕೆಯಾಗುತ್ತವೆ. ಹೋಟೆಲಿನ ಬಂಧುಗಳೇ, ಚೆನ್ನಾಗಿ ಕಾದ ದೋಸೆಯ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಕೂಡಲೇ ಆರದೆ ಉರುಳಾಡುವುದನ್ನು ತಾವು ದಿನವೂ ನೋಡುತ್ತೀರಿ. ಹನಿಗೂ ಕಾವಲಿಗೂ ನಡುವೆ ಆವಿಯ ಪೊರೆಯಿದೆ. ಹನಿ ಅದರ ಮೇಲೆ ಜಾರುತ್ತದೆ. ಇಲ್ಲಿಯೂ ಸೂಜಿಗೂ ನೀರಿಗೂ ನಡುವೆ ಅನಿಲದ ಪೊರೆ ಬರುತ್ತದೆ. ದಾರಿ ಕಟ್ಟಿದ ವಿದ್ಯುತ್ತು ಪೊರೆಯನ್ನು ಸೀಳಿ ಕಿಡಿಯಾಗಿ ಹಾರುತ್ತದೆ. ಜಗಳ ಸೂಜಿಗೂ ನೀರಿಗೂ. ಬಿಸಿ ತಗಲುವುದು ಪಕ್ಕದಲ್ಲಿರುವ ಗಾಜಿಗೆ! ಗಾಜು ನೂರಾರು ಡಿಗ್ರಿ ಕಾದು ಮೆತ್ತಗಾಗುತ್ತದೆ. ಕಾದ ಕ್ಷಾರ ಅದನ್ನು ತಿಂದು ಕರಗಿಸುತ್ತದೆ.

ಇಲ್ಲಿ ಬಲಕ್ಕೆ ಬೆಲೆಯಿಲ್ಲ. ಸೂಜಿಯನ್ನು ಒತ್ತಿದರೆ ಸೂಜಿ ಬಾಗುತ್ತದೆ, ಇಲ್ಲವೆ ಗಾಜು ಸೀಳುತ್ತದೆ. ಬಿಸಿ ಅತಿಯಾದರೆ ತೂತಿನ ಅಂಚಿನಲ್ಲಿ ಬಿರುಕು. ಮೊದಲ ಕಾಲು ಮಿಲಿಮೀಟರಿನಷ್ಟು ಆಳ ಬೇಗನೆ ಆಗುತ್ತದೆ. ಅದರ ಕೆಳಗೆ ಹೊಸ ದ್ರವ ಇಳಿಯುವುದು ಕಷ್ಟ, ಕೆಲಸ ನಿಧಾನ. ಆದುದರಿಂದ ಸೂಜಿಯನ್ನು ತಿರುಗಿಸುತ್ತಾರೆ, ನಡುಗಿಸುತ್ತಾರೆ. ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಡುತ್ತಾರೆ. ಪೊರೆ ಸಮನಾಗಿ ನಿಂತರೆ ತೂತು ದುಂಡಗೆ. ಪೊರೆ ಕೆಟ್ಟರೆ ತೂತೂ ಕೆಟ್ಟಿತು. ರಕ್ತದ ಹನಿಯನ್ನು ಪರೀಕ್ಷಿಸುವ ಪುಟ್ಟ ಗಾಜಿನ ತಟ್ಟೆಗಳಿಗೂ ಒತ್ತಡ ಅಳೆಯುವ ಸೂಕ್ಷ್ಮ ಉಪಕರಣಗಳ ಗಾಜಿಗೂ ಬೇಕಾದ ತೂತು ಕಾಲುವೆಗಳನ್ನು ಈ ರೀತಿ ಕೊರೆಯಬಹುದು.

ಇಷ್ಟೆಲ್ಲ ಹೇಳಿದ್ದು ಬರಿಯ ಕೌತುಕಕ್ಕಲ್ಲ. ಆ ಕಾರ್ಯಾಗಾರಕ್ಕೆ ನಮ್ಮೂರ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ. ಅವನಿಗೆ ಗುಂಡಿ ಒತ್ತುವುದನ್ನು ತೋರಿಸಿದರು. ತೊಟ್ಟಿಯಲ್ಲಿರುವುದು ಏನೆಂದು ಹೇಳಲಿಲ್ಲ. ಕಿಡಿಗೆ ದ್ರವ ಸಿಡಿದು ಒಂದು ಹನಿ ಕಣ್ಣಿಗೆ ಬಿತ್ತು. ನೀರಿನಂತೆ ಕಾಣುವುದು ನೀರೇ ಎಂದು ಅಂಗಿಯ ತೋಳಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದ. ಕ್ಷಾರವು ಕಣ್ಣಿನೊಳಕ್ಕೆ ಇಳಿಯುತ್ತಲೇ ಹೋಗುತ್ತದೆಂದು ಅವನಿಗೆ ಯಾರು ಹೇಳಿದ್ದರು? ಇಂದಿಗೂ ಅವನಿಗೆ ಆ ಕಣ್ಣು ಮಬ್ಬು. ಪಕ್ಕದಲ್ಲಿಯೇ ಇದ್ದ ನಾನೂ ಹೇಳಿರಲಿಲ್ಲ. ಆ ಭಾರ ನನ್ನ ಮೇಲೂ ಇದೆ.

ಬಂಧುಗಳೇ, ನೆನಪಿಡಿ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಲಿಂಬೆ ಹುಳಿ ಹಾಕಬೇಡಿ. ಆ ಕ್ಷಣವೇ ನಲ್ಲಿಯ ಕೆಳಗೆ ಕಣ್ಣು ತೆರೆದು ಅರ್ಧ ಗಂಟೆಯಾದರೂ ತೊಳೆಯಿರಿ. ಆಮೇಲೆ ತಡಮಾಡದೆ ಆಸ್ಪತ್ರೆ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು. ಕನ್ನಡಕ, ಕೈಚೀಲ ಕೇಳಿ ಪಡೆಯಿರಿ. ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಕೋಣೆಗೆ ಗಾಳಿ ಬೇಕು.

ಎಲ್ಲಕ್ಕಿಂತ ಮೊದಲು, ಹೊಸ ಯಂತ್ರದ ಮುಂದೆ ನಿಂತಾಗ “ಇದರೊಳಗೆ ಏನಿದೆ? ಹೇಗೆ ನಡೆಯುತ್ತದೆ?” ಎಂದು ಕೇಳಿ. ಹಾಗೆ ಕೇಳುವುದು ಉದ್ಧಟತನವಲ್ಲ. ತಿಳಿದವರು ಪಕ್ಕದ ಹುಡುಗನಿಗೆ ಹೇಳಿ. ಅವನು ಕೇಳುವವರೆಗೆ ಕಾಯಬೇಡಿ. ಒಡೆದ ಲೋಟದ ಬೆಲೆ ಸಂಬಳದಲ್ಲಿ ತೀರುತ್ತದೆ. ಕಣ್ಣಿನ ಬೆಲೆ ತೀರುವುದಿಲ್ಲ.