ಹಿಂದಿನ ಬಾಗಿಲ ಬಳಿ ನಿಂತವರು

ಸಂಘದ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರೇ, ಅಡುಗೆಮನೆಯಲ್ಲಿ ಊಟದ ತಯಾರಿ ಮಾಡುತ್ತಲೇ ಈ ಮಾತು ಕೇಳಿಸಿಕೊಳ್ಳುತ್ತಿರುವವರೇ, ಹಿಂದಿನ ಬಾಗಿಲ ಬಳಿ ಮಗು ಎತ್ತಿಕೊಂಡು ನಿಂತಿರುವ ನಾಲ್ವರು ತಾಯಂದಿರೇ, ನಿಮ್ಮೆಲ್ಲರಿಗೂ ನಮಸ್ಕಾರ.

ಆ ನಾಲ್ವರಿಂದಲೇ ಶುರು ಮಾಡುತ್ತೇನೆ. ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ನಾನೂ ಅದೇ ಬಾಗಿಲಲ್ಲಿ ನಿಂತಿದ್ದೆ. ಮಗಳಿಗೆ ಆಗ ಒಂದು ವರ್ಷ ಎರಡು ತಿಂಗಳು. ನಾಟಕ ನಡೆಯುತ್ತಿತ್ತು. ಅವಳು ಕೂಗಿದರೆ ಹೊರಗೆ ಹೋಗುವುದು, ಸುಮ್ಮನಾದರೆ ಒಳಗೆ ಬರುವುದು. ಹೀಗೆ ಏಳೆಂಟು ಸಲ ಓಡಾಡಿ ಕೊನೆಗೆ ಊಟಕ್ಕೂ ನಿಲ್ಲದೆ ಮನೆಗೆ ಹೋದೆ. ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ. ಈ ಸಲ ಕಾರ್ಯದರ್ಶಿಗಳು "ಸಣ್ಣ ಮಕ್ಕಳಿರುವ ಮನೆಯವರ ಪರವಾಗಿ ನೀವು ಮಾತಾಡಿ" ಎಂದಾಗ ಒಪ್ಪಿಕೊಂಡದ್ದು ಆ ಬಾಗಿಲ ನೆನಪಿನಿಂದ.

ನನ್ನ ತವರು ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಹತ್ತಿರ. ಕೊಟ್ಟ ಮನೆ ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ. ಈಗ ಇರುವುದು ಇದೇ ಪುಣೆಯಲ್ಲಿ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಬೆಳಿಗ್ಗೆ ಕುಕ್ಕರ್ ಕೂಗಿದರೆ ಮಗು ಏಳುತ್ತದೆ, ಅದಕ್ಕೆ ಕುಕ್ಕರ್ ಇಡುವ ಮೊದಲೇ ನನ್ನ ಸ್ನಾನ ಮುಗಿಯಬೇಕು. ಎಂಟೂವರೆಗೆ ಅವಳನ್ನು ಪಾಳಣಾಘರಕ್ಕೆ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ, ಬಿಟ್ಟು ಕಚೇರಿಗೆ ಓಡಬೇಕು. ಸಂಜೆ ಕರೆತರುವ ಪಾಳಿ ಯಜಮಾನರದು. ಅವರು ಊರಲ್ಲಿಲ್ಲದ ದಿನ ಎರಡೂ ನನ್ನದೇ. ಇಲ್ಲಿ ಕೂತಿರುವ ಎಷ್ಟೋ ಮನೆಗಳ ದಿನಚರಿಯೂ ಇದೇ ಎಂದು ಗೊತ್ತು, ಅದನ್ನು ಬಿಡಿಸಿ ಹೇಳುವುದಿಲ್ಲ.

"ಅಪ್ಪ ಅಮ್ಮ ಬಂದು ಇರಬಾರದಾ?" ಎಂದು ಆಫೀಸಿನಲ್ಲಿ ಕೇಳುತ್ತಾರೆ. ನಮ್ಮ ಕಡೆಯವರು ಯಾಕೆ ಬಂದಿರಲಾರರು ಅಂತ ಸ್ವಲ್ಪ ಹೇಳಬೇಕು. ಅಡಕೆ ತೋಟ ಇರುವ ಮನೆ ವರ್ಷದಲ್ಲಿ ಯಾವಾಗಲೂ ಖಾಲಿ ಇರುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕೊಳೆ ಔಷಧಿ ಹೊಡೆಸಲೇಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ತಪ್ಪಿದರೆ ಆ ವರ್ಷದ ಬೆಳೆ ನೆಲಕ್ಕೆ. ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಂದು ಸಲ ಹೊಡೆಸಬೇಕು, ಅದೂ ಸುರಿಯುವ ಮಳೆಯಲ್ಲಿ ಬಿಸಿಲು ಕಂಡ ಎರಡು ದಿನ ಹಿಡಿದು. ಅಡಕೆ ಕೊನೆ ಇಳಿಸುವ ಕೊನೆಗೌಡ ಬರುತ್ತೇನೆಂದ ದಿನ ಮನೆಯಲ್ಲಿ ಜನ ಇರಬೇಕು. ದಸರೆಯ ಹೊತ್ತಿಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಇತ್ತೀಚೆಗೆ ಎಲೆಚುಕ್ಕಿ ರೋಗ ಬೇರೆ. ಕೊಟ್ಟಿಗೆಯಲ್ಲಿ ಕರೆಯುವ ಹಸು ಇದ್ದರಂತೂ ಮುಗಿಯಿತು, ಹಸುವಿಗೆ ರಜೆ ಇಲ್ಲ. ನನ್ನ ಅಮ್ಮನಿಗೆ ಮೊಮ್ಮಗಳ ಮೇಲೆ ಪ್ರೀತಿ ಕಡಿಮೆಯಾಗಿ ಅವರು ಊರಲ್ಲಿ ಕೂತಿಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿದಾಗಲೂ ಅಂಗಳದಲ್ಲಿ ಅಡಕೆ ಹರವುತ್ತಿದ್ದರು.

ಮಗಳು ಹುಟ್ಟಿದ್ದು ದೀಪಾವಳಿಯ ವಾರದಲ್ಲಿ, ಕೊಯ್ಲಿನ ನಡುಮಧ್ಯೆ. ಬಾಣಂತನ ತವರಿನಲ್ಲಿ. ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ನೀರು ಕಾಯಿಸಿ, ಅಮ್ಮ ಮಣೆಯ ಮೇಲೆ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು. ಎಣ್ಣೆ ತಿಕ್ಕಿದ ಬೆನ್ನಿನ ಮೇಲೆ ನೀರು ಬೀಳುವ ಸದ್ದು ನನಗೆ ಒಳಕೋಣೆಗೆ ಕೇಳಿಸುತ್ತಿತ್ತು. ಸಂಜೆಯಾದರೆ ಜಗಲಿಯಲ್ಲಿ ಅಡಕೆ ಸುಲಿಯುವವರು. ಈಗ ಯಂತ್ರ ಬಂದಿದೆ, ಆದರೂ ನಮ್ಮ ಮನೆಯಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಮಗು ಅತ್ತರೆ ಕೈ ಖಾಲಿ ಇದ್ದವರು ಎತ್ತಿಕೊಳ್ಳುತ್ತಿದ್ದರು. ಸುಲಿದ ಕೈ ಚೊಗರು ಎಂದು ಒಬ್ಬಾಕೆ ಎರಡೆರಡು ಸಲ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಮಗುವನ್ನು ಮುಟ್ಟುತ್ತಿದ್ದಳು. ಅವಳ ಮಡಿಲಿನಿಂದ ಇನ್ನೊಬ್ಬರ ಮಡಿಲು, ಅಲ್ಲಿಂದ ಅಜ್ಜಯ್ಯನ ಭುಜ. ರಾತ್ರಿ ಹತ್ತಕ್ಕೆ ನನ್ನ ಹತ್ತಿರ ಬರುವಾಗ ಮಗು ನಿದ್ದೆ ಹೋಗಿರುತ್ತಿತ್ತು. "ಸ್ವಲ್ಪ ಹಿಡಿದುಕೊಳ್ಳಿ" ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ. ಕೇಳುವುದು ಅಂತ ಒಂದು ಇದೆ ಎಂಬುದೇ ಆಗ ಗೊತ್ತಿರಲಿಲ್ಲ.

2017ರ ಕಾನೂನು ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ದೊಡ್ಡ ಉಪಕಾರ ಅದು, ನಮ್ಮ ಅಕ್ಕಂದಿರಿಗೆ ಸಿಕ್ಕಿದ್ದು ಅದರ ಅರ್ಧಕ್ಕೂ ಕಡಿಮೆ. ಆದರೆ ಲೆಕ್ಕ ಹಾಕಿ ನೋಡಿ. ಹೆರಿಗೆಗೆ ಎರಡು ವಾರ ಮೊದಲು ರಜೆ ಹಾಕಿದವಳಿಗೆ ಅದು ಮುಗಿಯುವುದು ಮಗುವಿಗೆ ಐದೂವರೆ ತಿಂಗಳಾದಾಗ. ಅನ್ನ ಶುರು ಮಾಡುವುದು ಆರು ತಿಂಗಳಿಗೆ. ಅಂದರೆ ಎದೆಹಾಲು ಬಿಟ್ಟು ಮೊದಲ ತುತ್ತು ರಾಗಿ ಮಣ್ಣಿಯನ್ನು ಮಗು ನಾಲಗೆಯಿಂದ ಹೊರಗೆ ತಳ್ಳುವ ಆ ದಿನಗಳಲ್ಲೇ ತಾಯಿ ಕಚೇರಿಯಲ್ಲಿರುತ್ತಾಳೆ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದೂ ಕಾನೂನು ಹೇಳುತ್ತದೆ. ನನ್ನ ಕಚೇರಿಯಲ್ಲಿ ನಾವು ಇಪ್ಪತ್ತೆರಡು ಜನ. ರಜೆ ಮುಗಿಸಿ ಪುಣೆಗೆ ಬಂದಾಗ ಅಮ್ಮ ಜೊತೆಗೆ ಬಂದು ಐದು ವಾರ ಇದ್ದರು. ಮೇ ನಡುವಿನಲ್ಲಿ ಆಕಾಶ ನೋಡತೊಡಗಿದರು. ಬಸ್ಸು ಹತ್ತಿಸಿ ಬಂದ ಮರುದಿನ ಮಗುವಿಗೆ ನಾನೊಬ್ಬಳೇ ಸ್ನಾನ ಮಾಡಿಸಿದೆ. ಸ್ನಾನದ ಮನೆಯ ಟೈಲ್ಸ್ ಮೇಲೆ ಅಮ್ಮನ ಹಾಗೆಯೇ ಕಾಲು ನೀಡಿ ಕೂತೆ. ಚೊಂಬು ತಲೆಯ ಮೇಲೆ ಎತ್ತಲು ಧೈರ್ಯ ಬರಲಿಲ್ಲ, ಅಂಗೈಯಲ್ಲೇ ನೀರು ಹೊಯ್ದೆ.

ಪಾಳಣಾಘರದ ಅಜ್ಜಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮರಾಠಿಯಲ್ಲಿ ಪಾಳಣಾ ಅಂದರೆ ತೊಟ್ಟಿಲು, ಅದು ತೊಟ್ಟಿಲ ಮನೆ. ಅಲ್ಲಿ ನೋಡಿಕೊಳ್ಳುವವರನ್ನು ಮಕ್ಕಳು 'ಆಜೀ' ಎನ್ನುತ್ತಾರೆ. ನನ್ನ ಮಗಳು ಅವರನ್ನೂ ಫೋನಿನಲ್ಲಿ ಕಾಣುವ ಅಮ್ಮಮ್ಮನನ್ನೂ ಅದೇ ಹೆಸರಿನಿಂದ ಕರೆಯುತ್ತಾಳೆ. ಬಿಸಿ ಅನ್ನಕ್ಕೆ ತುಪ್ಪ ಕಲಸಿ, ಕಿಟಕಿಯಲ್ಲಿ ಹಕ್ಕಿ ತೋರಿಸಿ ಉಣಿಸಿದವರು ಅವರು. ಹಾಗಾಗಿ ಗುಬ್ಬಚ್ಚಿಗೆ ನನ್ನ ಮಗಳು ಕಲಿತ ಮೊದಲ ಮಾತು 'ಚಿಮಣಿ'.

ಹೋದ ಜುಲೈನಲ್ಲಿ ಒಂದು ಸಂಜೆ ಅಮ್ಮ ವಿಡಿಯೋ ಕರೆ ಮಾಡಿದ್ದರು. ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಮೂರು ದಿನದಿಂದ ಕರೆಂಟ್ ಇರಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಸೌದೆಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ. ಅಮ್ಮ ಅಲ್ಲಿ ಕೊಡೆ ಹಿಡಿದು ನಿಂತಿದ್ದರು. ಮಗಳು ಪರದೆಯ ಹತ್ತಿರ ಬಾಯಿ ತಂದು "ಚಿಮಣಿ, ಚಿಮಣಿ" ಎಂದಳು. ಅಮ್ಮ "ಇರು ಮಗಾ, ತಂದೆ" ಎಂದು ಒಳಗೆ ಹೋದರು. ಕರೆ ಕತ್ತರಿಸಿಹೋಯಿತು. ಐದು ನಿಮಿಷ ಕಳೆದು ಮತ್ತೆ ಫೋನ್ ಬಂತು. ಅಮ್ಮನ ಕೈಯಲ್ಲಿ ಹೊತ್ತಿಸಿದ ಸೀಮೆಎಣ್ಣೆ ಚಿಮಣಿ ದೀಪ! ಗಾಳಿಗೆ ಆರದಂತೆ ಸೆರಗು ಅಡ್ಡ ಹಿಡಿದು, "ನೋಡು, ಚಿಮಣಿ" ಎಂದು ತೋರಿಸಿದರು. ಮಗು ದೀಪವನ್ನೇ ನೋಡಿತು. ಆಮೇಲೆ ಕಿಟಕಿಯ ಕಡೆ ಬೆರಳು ಮಾಡಿ ಮತ್ತೆ "ಚಿಮಣಿ" ಎಂದಿತು. ಇಬ್ಬರಿಗೂ ಅರ್ಥ ಹೇಳಲು ನನ್ನ ಗಂಟಲು ಕಟ್ಟಿತ್ತು. ಈಗ ಅವಳಿಗೆ ಗುಬ್ಬಿಯೂ ಗೊತ್ತು, ಚಿಮಣಿಯೂ ಗೊತ್ತು. ಮರಾಠಿ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಅಮ್ಮಮ್ಮ ಹೇಳಿದ್ದು ಅವಳಿಗೆ ತಿಳಿಯಬೇಕು, ಅವಳು ಹೇಳಿದ್ದು ಅಮ್ಮಮ್ಮನಿಗೆ ತಿಳಿಯಬೇಕು, ನಮ್ಮ ಮನೆಯಲ್ಲಿ ಕನ್ನಡ ಇರುವುದು ಅದಕ್ಕೆ.

ದೂರದ ವಿಷಯ ಮಾತಾಡುವಾಗ ನನಗೆ ಅತ್ತೆಯವರ ಕತೆ ನೆನಪಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅತ್ತೆ ಹುಟ್ಟಿದ ಊರು ನೀರಿನಡಿ ಹೋಯಿತು. ಕೈಕೂಸಾಗಿದ್ದ ಅವರನ್ನು ಮಡಿಲಲ್ಲಿಟ್ಟುಕೊಂಡು ಅವರಮ್ಮ ಲಾರಿ ಹತ್ತಿದರಂತೆ. ಒಂದೇ ಕೇರಿಯ ಅಣ್ಣತಮ್ಮಂದಿರಿಗೆ ಭೂಮಿ ಸಿಕ್ಕಿದ್ದು ಬೇರೆ ಬೇರೆ ಕಡೆ. ನಮ್ಮ ಸಾಗರದ ನಾ. ಡಿಸೋಜ ಜೀವಮಾನವಿಡೀ ಆ ನೀರಿನ ಕತೆ ಬರೆದರು. ಮಕ್ಕಳಿಗಾಗಿಯೂ 'ಮುಳುಗಡೆಯ ಊರಿಗೆ ಬಂದವರು' ಬರೆದು 2011ರ ಬಾಲ ಸಾಹಿತ್ಯ ಪುರಸ್ಕಾರ ಪಡೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಮಗಳಿಗೆ ಓದಿ ಹೇಳಲು ಆ ಪುಸ್ತಕವನ್ನು ಎತ್ತಿಟ್ಟಿದ್ದೇನೆ.

ಅತ್ತೆ ಮದುವೆಯಾಗಿ ಬಂದದ್ದು ಹಿನ್ನೀರಿನ ಆಚೆಗೆ. ಸಂಜೆಯ ಕೊನೆಯ ಲಾಂಚ್ ಹೋದರೆ ಸಾಗರದ ದಾರಿ ಮುಚ್ಚಿದಂತೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೂ ಇದೇ ಪಾಡು. ನನ್ನ ಯಜಮಾನರು ಎಂಟು ತಿಂಗಳ ಮಗುವಾಗಿದ್ದಾಗ ಒಂದು ರಾತ್ರಿ ಜ್ವರ ಏರಿತಂತೆ. ಮಾವ ಊರಲ್ಲಿರಲಿಲ್ಲ. ಅತ್ತೆ ಅಂಗಳದ ಕೊನೆಗೆ ಹೋಗಿ ಒಂದು ಕೂ ಹಾಕಿದರು. ಗದ್ದೆಯಾಚೆಯ ಮನೆಯಾಕೆ ಬ್ಯಾಟರಿ ಹಿಡಿದು ಬಂದು, ಬೆಳಗಿನ ಮೊದಲ ಲಾಂಚಿನವರೆಗೂ ಮಗುವಿನ ಮೈ ಒರೆಸುತ್ತಾ ಕೂತರು. ಮಲೆನಾಡಿನ ಮನೆಗಳು ಒಂಟಿ ಮನೆಗಳು, ಒಂದೊಂದು ಕಣಿವೆಗೆ ಒಂದೊಂದು. ಒಂಟಿತನ ನಮಗೆ ಹೊಸದಲ್ಲ. ಕೂ ಹಾಕುವ ಅಭ್ಯಾಸ ಮಾತ್ರ ಇಲ್ಲಿ ಬಂದಮೇಲೆ ತಪ್ಪಿತು.

ನನಗೂ ಅಂಥದೇ ಒಂದು ರಾತ್ರಿ ಬಂತು. ಹೋದ ಆಗಸ್ಟಿನಲ್ಲಿ ಯಜಮಾನರು ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದರು. ಹನ್ನೆರಡೂವರೆಗೆ ಮಗಳ ಮೈ ಕಾದ ಹೆಂಚಿನ ಹಾಗಿತ್ತು. ಅಮ್ಮನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, "ಹತ್ತಿರ ಯಾರಿದ್ದಾರೆ? ಅವರನ್ನ ಕರಿ." ಯಾರನ್ನು ಕರೆಯಲಿ? ಆರು ವರ್ಷದಿಂದ ಈ ಊರಲ್ಲಿದ್ದೇನೆ. ಫೋನಿನಲ್ಲಿ ನಾಲ್ಕುನೂರು ನಂಬರ್ ಇವೆ. ಒಂದೊಂದನ್ನೂ ನೋಡಿ, ಪಾಪ ಮಲಗಿರುತ್ತಾರೆ ಎಂದು ಬಿಟ್ಟೆ. ಕೊನೆಗೆ ನಾವೆಲ್ಲ ತೀರ್ಥಹಳ್ಳಿ ಅಜ್ಜಿ ಎನ್ನುವ ನಮ್ಮ ಸಂಘದ ಹಿರಿಯರೊಬ್ಬರಿಗೆ ಮಾಡಿದೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕ ಕೂತು, ಎಳ್ಳಮಾವಾಸ್ಯೆ ಜಾತ್ರೆಯ ದಿನ ತುಂಗೆಯಲ್ಲಿ ಮಿಂದದ್ದನ್ನು ಹೇಳಿದ್ದರು, ಅಷ್ಟೇ ಪರಿಚಯ. ಒಂದೂ ಕಾಲಿಗೆ ಆಟೋದಲ್ಲಿ ಬಂದರು. ಚಪ್ಪಲಿ ಬಿಟ್ಟವರೇ ಕೈ ತೊಳೆದು ಮಗುವನ್ನು ತೆಗೆದುಕೊಂಡು, "ನೀನು ಹೋಗಿ ಮುಖ ತೊಳೆದುಕೊಂಡು, ಒಂದು ಲೋಟ ನೀರು ಕುಡಿದು ಬಾ. ಆಮೇಲೆ ಹೊರಡೋಣ" ಎಂದರು. ಅದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ವೈರಲ್ ಜ್ವರ, ಮೂರು ದಿನಕ್ಕೆ ಇಳಿಯಿತು.

ಬೆಳಗಿನ ಜಾವ ಆಸ್ಪತ್ರೆಯ ಬೆಂಚಿನ ಮೇಲೆ ಅವರು ಹೇಳಿದ್ದನ್ನು ಅವರ ಅನುಮತಿ ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. ಅವರು ಪುಣೆಗೆ ಬಂದದ್ದು 1978ರಲ್ಲಿ. ಇಬ್ಬರು ಮಕ್ಕಳನ್ನು ಇಲ್ಲೇ ಬೆಳೆಸಿದರು. "ಆಗ ಕರೆದರೆ ಬರುವವರು ಇರಲಿಲ್ಲ ಅಂತ ಅಲ್ಲ ಮಗಾ. ನಾನು ಕರೆಯಲೇ ಇಲ್ಲ. ಕರೆಯದೆ ಹನ್ನೆರಡು ವರ್ಷ ಕಳೆದೆ" ಎಂದರು. ಅವರ ಮೊಮ್ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಎತ್ತಿಕೊಳ್ಳಲು ಮನೆಯಲ್ಲಿ ಮಗುವಿಲ್ಲ.

ಅಧ್ಯಕ್ಷರೇ, ನಮ್ಮ ಸಂಘದಲ್ಲಿ ಮಡಿಲು ಖಾಲಿ ಇರುವ ಹಿರಿಯರಿದ್ದಾರೆ, ಕೈ ಸಾಲದ ಕಿರಿಯರಿದ್ದಾರೆ. ಈ ಸಭಾಂಗಣ ಶನಿವಾರ ಬೆಳಿಗ್ಗೆ ಬೀಗ ಹಾಕಿಕೊಂಡು ಇರುತ್ತದೆ. ಹತ್ತರಿಂದ ಹನ್ನೆರಡರವರೆಗೆ ಅದನ್ನು ತೆರೆದುಕೊಡಿ. ಒಂದು ಜಮಖಾನ, ನಾಲ್ಕು ಚೆಂಡು, ಮಕ್ಕಳ ಪುಸ್ತಕ ಇದ್ದರೆ ಸಾಕು. ಹಿರಿಯರು ಬಂದು ಕೂತರೆ ಪಾಠ ಬೇಡ, ಮಾತೇ ಸಾಕು. ಇನ್ನೊಂದು ಬೇಡಿಕೆ: ರಾತ್ರಿ ಯಾವ ಹೊತ್ತಿಗೆ ಕರೆದರೂ ಬರುತ್ತೇವೆ ಎನ್ನುವವರ ಹೆಸರು, ನಂಬರು, ಬಡಾವಣೆ ಬರೆದ ಒಂದು ಪಟ್ಟಿ ಪ್ರತಿ ಮನೆಗೂ ಹೋಗಬೇಕು. ಆ ಪಟ್ಟಿಯಲ್ಲಿ ಹೆಸರಿದ್ದರೆ ಕರೆಯುವವರಿಗೆ ಸಂಕೋಚ ಇರುವುದಿಲ್ಲ. ಮೊದಲ ಹೆಸರು ನನ್ನದು, ಎರಡನೆಯದು ತೀರ್ಥಹಳ್ಳಿ ಅಜ್ಜಿಯದು. ಹಾಳೆ ಪ್ರಸಾದದ ಮೇಜಿನ ಮೇಲಿದೆ.

ನಮ್ಮೂರ ಗದ್ದೆಬಯಲಿನಲ್ಲಿ ಯಕ್ಷಗಾನವಾದರೆ ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ ಮಕ್ಕಳನ್ನು ಮಲಗಿಸುತ್ತಿದ್ದರು. ಮಕ್ಕಳು ಚೆಂಡೆಯ ಸದ್ದಿಗೆ ಏಳುತ್ತಿದ್ದರು, ರಕ್ಕಸನ ವೇಷ ನೋಡಿ ಅಳುತ್ತಿದ್ದರು, ಮತ್ತೆ ಮಲಗುತ್ತಿದ್ದರು. ಭಾಗವತರು ಪದ ನಿಲ್ಲಿಸುತ್ತಿರಲಿಲ್ಲ, ತಾಯಂದಿರೂ ಎದ್ದು ಹೋಗುತ್ತಿರಲಿಲ್ಲ.

ಇನ್ನು ಹತ್ತು ನಿಮಿಷಕ್ಕೆ ಇಲ್ಲಿ ನಾಟಕ. ಮುಂದಿನ ಎರಡು ಸಾಲು ಕುರ್ಚಿ ಹಿಂದಕ್ಕೆ ಸರಿಸಲು ನಾಲ್ಕು ಜನ ಬನ್ನಿ. ಜಮಖಾನ ವೇದಿಕೆಯ ಪಕ್ಕದ ಕೋಣೆಯಲ್ಲಿದೆ, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇದೆ. ಬಾಗಿಲ ಬಳಿ ನಿಂತಿರುವ ಅಮ್ಮಂದಿರೇ, ಮಕ್ಕಳನ್ನು ಕರೆದುಕೊಂಡು ಮುಂದೆ ಬನ್ನಿ.