ಬ್ರೇಕ್ ಬಿಡಿಸದೆ ಟ್ರ್ಯಾಕ್ಟರ್ ಓಡಿಸಿದರೆ

ಕಬ್ಬಿನ ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರ್ ಮುಕ್ಕುರಿಯುತ್ತಿದ್ದರೆ ಹೇರು ಹೆಚ್ಚಾಯಿತೆಂದೋ ಡೀಸೆಲ್ ಸರಿಯಿಲ್ಲವೆಂದೋ ಚಾಲಕರು ಭಾವಿಸುತ್ತಾರೆ. ಪೆಡಲನ್ನು ಒತ್ತಿ ಹಿಡಿದಿರುವ ಪಾರ್ಕಿಂಗ್ ಬ್ರೇಕಿನ ಕೊಂಡಿ ಬಿಡಿಸಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ. ಈಗಿನ ಕಾರುಗಳಲ್ಲಿ ಇದನ್ನು ತಿಳಿಸಲು ಕೆಂಪು ದೀಪವುಂಟು. ಹಳೆಯ ಟ್ರ್ಯಾಕ್ಟರುಗಳಲ್ಲಿ ಅನೇಕಕ್ಕೆ ಅದಿಲ್ಲ.

ಬ್ರೇಕು ಅರೆಬರೆ ಹಿಡಿದಿದ್ದರೂ ಎಂಜಿನ್ನು ಗಾಡಿಯನ್ನು ಎಳೆದೇ ಎಳೆಯುತ್ತದೆ. ಆದರೆ ಅದರ ಬಲದ ಒಂದು ಪಾಲು ಬ್ರೇಕಿನ ಉಜ್ಜಾಟದಲ್ಲಿ ಶಾಖವಾಗಿ ಹೋಗುತ್ತದೆ. ಒಣ ಬ್ರೇಕಾದರೆ ಲೈನಿಂಗಿನ ಮೈ ಸುಟ್ಟು ಗಾಜಿನಂತೆ ನುಣುಪಾಗುತ್ತದೆ. ಅಂಥ ಲೈನಿಂಗಿಗೆ ಹಿಡಿತವಿರುವುದಿಲ್ಲ. ಕಾವಿಗೆ ಪಕ್ಕದ ಆಯಿಲ್ ಸೀಲ್ ಗಡಸಾಗಿ ಸೀಳಿದರೆ ಎಣ್ಣೆ ಲೈನಿಂಗಿನ ಮೇಲೆಯೇ ಇಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿಗೆ ಏನೂ ಆಗದೆಂಬ ಮಾತು ಸರಿಯಲ್ಲ. ಅದು ಸವೆದ ಪುಡಿ ಗೇರ್ ಎಣ್ಣೆಗೆ ಸೇರುತ್ತದೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಪಂಪಿಗೂ ಅದೇ ಎಣ್ಣೆ.

ಡೀಸೆಲ್ ನಷ್ಟವನ್ನು ಹೇಗೋ ತುಂಬಿಕೊಳ್ಳಬಹುದು. ಇಳಿಜಾರಿನ ಮಾತೇ ಬೇರೆ. ಹಿಂದಿನಿಂದ ಹೇರು ತಳ್ಳುತ್ತಿರುವಾಗ, ಕಾದು ಸೋತ ಬ್ರೇಕನ್ನು ಎಷ್ಟು ತುಳಿದರೂ ಟ್ರ್ಯಾಕ್ಟರ್ ನಿಲ್ಲದೆ ಹೋಗಬಹುದು.

ಸುಟ್ಟ ವಾಸನೆ ಬಂದ ಕೂಡಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೊಂಡಿ ಬಿಡಿಸಿ ತಾನಾಗಿ ಆರಲು ಬಿಡಬೇಕು. ನೀರೆರಚಬಾರದು, ಕಾದ ಬೀಡುಕಬ್ಬಿಣ ಬಿರುಕು ಬಿಟ್ಟೀತು. ಆರಿದ ಮೇಲೆ ಎರಡೂ ಪೆಡಲುಗಳ ಆಟ ಸಮನಾಗಿದೆಯೇ ಎಂದು ನೋಡಬೇಕು. ಕೊಂಡಿ ಬಿಟ್ಟಿದ್ದರೂ ಒಂದೇ ಪಕ್ಕ ಕಾಯುತ್ತಿದ್ದರೆ ಆ ಪಕ್ಕದ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಸರಳು ತುಕ್ಕು ಹಿಡಿದಿರಬಹುದು. ಅದನ್ನು ಸರಿಪಡಿಸುವವರೆಗೆ ಟ್ರೇಲರ್ ಕಟ್ಟಬಾರದು.