ಮಂಗಳೂರಿನ ಕಲ್ಲಚ್ಚಿನಲ್ಲಿ ಊರ ಸುದ್ದಿ

ನಮ್ಮ ತಾಲ್ಲೂಕು ಪಟ್ಟಣಗಳ ವಾರಪತ್ರಿಕೆಗಳ ಬೇರು ಹುಡುಕುತ್ತ ಹೋದರೆ 1843ರ ಮಂಗಳೂರು ಸಿಗುತ್ತದೆ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಚಿಕ್ಕ ಬಂದರು ಪಟ್ಟಣ ಅದು. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ. ಓದು ಬರಹಕ್ಕೆ ಕನ್ನಡ. ರೈಲಿಲ್ಲ, ತಂತಿಯಿಲ್ಲ. ಆರು ವರ್ಷ ಹಿಂದಷ್ಟೇ, 1837ರಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದ ಕಲ್ಯಾಣಪ್ಪನ ದಂಡು ಘಟ್ಟ ಇಳಿದು ಬಂದು ಊರನ್ನು ಕೆಲವು ದಿನ ವಶಪಡಿಸಿಕೊಂಡಿತ್ತು. ಅಂಥ ಊರಿನಲ್ಲಿ ಸುದ್ದಿ ಎಂಬುದು ಬಾಯಿಂದ ಬಾಯಿಗೆ ಹೇಗೆಲ್ಲ ಬೆಳೆದಿರಬೇಕು, ನೀವೇ ಊಹಿಸಿ.

1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ. ವಾರಕ್ಕಲ್ಲ, ಹದಿನೈದು ದಿನಕ್ಕೊಮ್ಮೆ. ಸಂಪಾದಕ ಹರ್ಮನ್ ಮೋಗ್ಲಿಂಗ್, ಜರ್ಮನಿಯ ವುರ್ಟೆಂಬರ್ಗಿನಿಂದ ಬಂದ ಬಾಸೆಲ್ ಮಿಷನ್ನಿನ ಪಾದ್ರಿ. ಸುಳ್ಳು ಸುದ್ದಿ ಹಬ್ಬುವ ಊರಿಗೆ ನಿಜ ವರ್ತಮಾನ ಕೊಡಬೇಕೆಂಬುದು ಮೊದಲ ಸಂಚಿಕೆಯಲ್ಲೇ ಹೇಳಿಕೊಂಡ ಉದ್ದೇಶ. ಮತಪ್ರಚಾರದ ಆಸೆಯೂ ಇತ್ತು. ಅದನ್ನು ಮುಚ್ಚಿಟ್ಟು ಈ ಚರಿತ್ರೆ ಹೇಳಬಾರದು. ಆದರೆ ಅದೇ ಪತ್ರಿಕೆಯಲ್ಲಿ ಪುರಂದರದಾಸರ ಪದಗಳಿಗೂ ಜಾಗವಿತ್ತು. ಸರಕಾರದ ನಿರೂಪಗಳು, ದೂರದ ರಾಜ್ಯಗಳ ಸಂಗತಿಗಳು, ಕಥೆಗಳು ಎಲ್ಲ ಇದ್ದವು. ಅವುಗಳ ಜೊತೆಗೆ ಊರ ವರ್ತಮಾನ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ನಮ್ಮೂರಲ್ಲಿ ನಡೆದದ್ದೂ ಅಚ್ಚಿಗೆ ಯೋಗ್ಯ ಎಂದು ಆವರೆಗೆ ಕನ್ನಡದಲ್ಲಿ ಯಾವ ಪತ್ರಿಕೆಯೂ ಹೇಳಿರಲಿಲ್ಲ.

ಅಚ್ಚೂ ಸುಲಭದ್ದಲ್ಲ. ಅಚ್ಚಿನ ಮೊಳೆಗಳಿರಲಿಲ್ಲ, ಇದ್ದದ್ದು ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಅಕ್ಷರಗಳನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸಬೇಕು, ಕಲ್ಲನ್ನು ಒದ್ದೆ ಮಾಡಬೇಕು. ಒದ್ದೆಯಾದ ಕಡೆ ಶಾಯಿ ಹಿಡಿಯುವುದಿಲ್ಲ, ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಆಮೇಲೆ ಕಾಗದ ಹಾಸಿ ಒತ್ತಬೇಕು. ಪ್ರತಿಯೊಂದು ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ. ನಾಲ್ಕು ಪುಟಗಳ ಆ ಪತ್ರಿಕೆ ಓದುಗರ ಕೈಗೆ ಬಂದಾಗ ಅದರಲ್ಲಿ ಕಂಡದ್ದು ಒಬ್ಬ ಬರಹಗಾರನ ದುಂಡು ಕೈಬರಹವೇ.

ಘಟ್ಟದ ಮೇಲಿನಿಂದಲೂ ಬೇಡಿಕೆ ಬಂತು. ಕಲ್ಲಚ್ಚು ಅದಕ್ಕೆ ಸಾಲಲಿಲ್ಲ. ಮೊಳೆಯಚ್ಚು ಇದ್ದದ್ದು ಬಳ್ಳಾರಿಯಲ್ಲಿ. 1844ರಲ್ಲಿ ಪತ್ರಿಕೆ ಅಲ್ಲಿಗೆ ಹೋಯಿತು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ. ಮಂಗಳೂರಿನಲ್ಲಿ ಅದಕ್ಕೆ ಒಂದು ವರ್ಷವೂ ತುಂಬಿರಲಿಲ್ಲ. ಓದುಗರು ಹೆಚ್ಚಿದ್ದರಿಂದಲೇ ಊರು ತನ್ನ ಪತ್ರಿಕೆಯನ್ನು ಕಳೆದುಕೊಂಡಿತು. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಮೋಗ್ಲಿಂಗ್ ಕೆಲಸ ನಿಲ್ಲಿಸಲಿಲ್ಲ. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. 1847ರಲ್ಲಿ ಅವರ ಗೆಳೆಯ ಹರ್ಮನ್ ಗುಂಡರ್ಟ್ ತಲಶ್ಶೇರಿಯ ಬಳಿ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರತಂದರು. ಮುಂದಿನ ಶತಮಾನದಲ್ಲಿ ಅದೇ ಮಂಗಳೂರಿನಲ್ಲಿ ಕವಿ ಕಡೆಂಗೋಡ್ಲು ಶಂಕರಭಟ್ಟರು ‘ರಾಷ್ಟ್ರಬಂಧು’ ವಾರಪತ್ರಿಕೆಯ ಸಂಪಾದಕರಾದರು.

‘ಮಂಗಳೂರ ಸಮಾಚಾರ’ದ ಪುಟಗಳಲ್ಲಿ ಏನಿತ್ತೆಂದು ಇಂದು ಹೇಳಲು ಸಾಧ್ಯವಾಗಿರುವುದು ಯಾರೋ ಅವನ್ನು ಜೋಪಾನ ಮಾಡಿದ್ದರಿಂದ. ನಿಮ್ಮ ಮನೆಯ ಅಟ್ಟದಲ್ಲಿ ಊರ ವಾರಪತ್ರಿಕೆಯ ಹಳೆಯ ಕಟ್ಟು ಇದ್ದರೆ ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ವಿಚಾರಿಸಿ, ಒಪ್ಪಿಸಿ.